ಎಲ್ಲಾ ಲಾಗ್‌ನೂ ಒಂದೇ ಫೈಲಿಗೆ ತಾನಾಗೇ ಸೇರಿಸೋಕೆ ಆರ್‌ಸಿಸ್‌ಲಾಗ್‌ನ ಐಎಂಫೈಲ್: ಎರಡು ವರ್ಷ ಬಳಸಿದ ಮೇಲೆ ಬರೀತಿರೋ ರಿವ್ಯೂ

ಲಿನಕ್ಸ್ ಸರ್ವರ್ ನೋಡ್ಕೊಳ್ಳೋರಿಗೆ ಈ ಕಷ್ಟ ಗೊತ್ತೇ ಇರತ್ತೆ. ಪ್ರೋಗ್ರಾಮುಗಳು ಏನಾಯ್ತು ಅಂತ ಸಾಲು ಸಾಲಾಗಿ ಬರೆದಿಡೋ ಲಾಗ್ ಫೈಲುಗಳು ಚದುರಿಹೋಗಿರತ್ತೆ, ವೆಬ್ ಸರ್ವರ್ ಲಾಗ್ ಒಂದು ಕಡೆ, ಆ್ಯಪ್ ಲಾಗ್ ಇನ್ನೊಂದು ಕಡೆ, ಡೇಟಾಬೇಸ್‌ದು ಮತ್ತೊಂದು ಫೋಲ್ಡರಲ್ಲಿ. ಏನೋ ಕೆಟ್ಟಿದೆ ಅಂತ ಫೋನ್ ಬಂದಾಗ ಮೂರು ಟರ್ಮಿನಲ್ ತೆಗೆದು ಒಂದರಲ್ಲಿ ಟೈಮ್ ನೋಡಿ ಇನ್ನೊಂದರಲ್ಲಿ ಅದೇ ಟೈಮ್ ಹುಡುಕಿ, ಅಷ್ಟರಲ್ಲಿ ಮೊದಲನೇದರಲ್ಲಿ ಏನು ಓದಿದ್ವಿ ಅನ್ನೋದೇ ಮರೆತುಹೋಗಿರತ್ತೆ. ಇವೆಲ್ಲ ಒಂದೇ ಫೈಲಿಗೆ ಬಂದು ಬೀಳ್ತಾ ಇದ್ರೆ, ಯಾರೂ ಕೈ ಹಾಕದೆ ಅದು ಅಪ್‌ಡೇಟ್ ಆಗ್ತಾ ಇದ್ರೆ ಎಷ್ಟು ಚೆನ್ನಾಗಿರತ್ತೆ ಅಂತ ಹೊರಟವನು ನಾನು, ಎರಡು ಮೂರು ದಾರಿ ಹಿಡಿದು ಕೊನೆಗೆ ಆರ್‌ಸಿಸ್‌ಲಾಗ್ ಅನ್ನೋ ಲಾಗ್ ಸಂಗ್ರಹಿಸೋ ಸಾಫ್ಟ್‌ವೇರಿನ ಐಎಂಫೈಲ್ ಮಾಡ್ಯೂಲಿಗೆ (ಫೈಲು ಓದೋ ಭಾಗ) ಬಂದು ನಿಂತೆ. ಎರಡು ವರ್ಷ ಆಯ್ತು, ಇನ್ನೂ ಅದೇ ಓಡ್ತಾ ಇದೆ. ಐದಕ್ಕೆ ನಾಲ್ಕು ಕೊಡ್ತೀನಿ, ಒಂದು ಯಾಕೆ ಕಟ್ ಮಾಡಿದೆ ಅಂತಾನೂ ಬರೀತೀನಿ.

ಮೊದಲು ಮಾಡಿದ್ದು ಎಲ್ಲರೂ ಮಾಡೋದೇ. ಫೈಲಿನ ಕೊನೇ ಸಾಲುಗಳನ್ನ ತೋರಿಸೋ ಟೇಲ್ ಕಮಾಂಡಿಗೆ ಸಣ್ಣ ಎಫ್ (ಹೊಸ ಸಾಲಿಗೆ ಕಾಯ್ತಾ ಇರು ಅನ್ನೋ ಆಪ್ಷನ್) ಹಾಕಿ ಮೂರು ಫೈಲಿನ ಹೆಸರು ಕೊಟ್ಟು ಔಟ್‌ಪುಟ್‌ನ ಒಂದು ಫೈಲಿಗೆ ತಿರುಗಿಸಿ ಹಿನ್ನೆಲೆಯಲ್ಲಿ ಓಡೋಕೆ ಬಿಟ್ಟೆ. ಸಂಜೆವರೆಗೂ ಬಹಳ ಚೆನ್ನಾಗಿತ್ತು. ಬೆಳಿಗ್ಗೆ ನೋಡಿದ್ರೆ ರಾತ್ರಿಯಿಂದ ಒಂದು ಸಾಲೂ ಬಂದಿಲ್ಲ, ಪ್ರೋಸೆಸ್ ಮಾತ್ರ ಜೀವಂತವಾಗಿದೆ, ಎರರ್ ಏನೂ ಇಲ್ಲ. ಆಗಿದ್ದೇನಂದ್ರೆ ಹಳೇ ಲಾಗ್ ಪಕ್ಕಕ್ಕಿಟ್ಟು ಹೊಸದು ಶುರು ಮಾಡೋ (ಇದಕ್ಕೇ ರೊಟೇಶನ್ ಅನ್ನೋದು) ಲಾಗ್‌ರೊಟೇಟ್ ಪ್ರೋಗ್ರಾಮು ರಾತ್ರಿ ಬಂದು ಹಳೇ ಫೈಲಿನ ಹೆಸರು ಬದಲಾಯಿಸಿ ಅದೇ ಹೆಸರಲ್ಲಿ ಹೊಸ ಫೈಲು ಮಾಡಿತ್ತು. ಸಣ್ಣ ಎಫ್ ಹಿಡ್ಕೊಳ್ಳೋದು ಹೆಸರನ್ನಲ್ಲ, ತೆರೆದಿರೋ ಫೈಲನ್ನ, ಅಂದ್ರೆ ಆ ಐನೋಡನ್ನ (ಹೆಸರು ಬದಲಾದ್ರೂ ಬದಲಾಗದ, ಫೈಲಿನ ಒಳಗಿನ ಗುರುತು). ಹೆಸರು ಬದಲಾದ್ರೂ ಅದು ಹಳೇ ಫೈಲಿನ ತುದೀಲೇ ಕಾಯ್ತಾ ಕೂತಿತ್ತು. ದೊಡ್ಡ ಎಫ್ ಹಾಕಿದ್ರೆ ಹೆಸರನ್ನ ಹಿಂಬಾಲಿಸತ್ತೆ, ಫೈಲು ಕಾಣೆಯಾದ್ರೆ ಮತ್ತೆ ಬರೋವರೆಗೂ ಪ್ರಯತ್ನ ಮಾಡ್ತಾನೇ ಇರತ್ತೆ. ಒಂದೇ ಅಕ್ಷರದ ವ್ಯತ್ಯಾಸ, ಆದ್ರೆ ಲಾಗ್ ಸೇರಿಸೋ ಕೆಲಸಕ್ಕೆ ಸಣ್ಣ ಎಫ್ ಬಳಸಲೇಬೇಡಿ.

ದೊಡ್ಡ ಎಫ್ ಬಂದ ಮೇಲೆ ರೊಟೇಶನ್ ತಲೆನೋವು ಹೋಯ್ತು, ಇನ್ನೊಂದು ಶುರುವಾಯ್ತು. ಮೂರು ಫೈಲು ಕೊಟ್ಟಾಗ ಟೇಲ್ ಯಾವ ಫೈಲಿನ ಸಾಲು ಅಂತ ಹೇಳೋಕೆ ಮಧ್ಯೆ ಮಧ್ಯೆ ಬಾಣದ ಗುರುತಿನ ಹೆಡ್ಡರ್ ಹಾಕತ್ತೆ, ಅದೂ ಫೈಲು ಬದಲಾದಾಗ ಮಾತ್ರ. ಕಣ್ಣಲ್ಲಿ ನೋಡೋಕೆ ಸರಿ, ಆದ್ರೆ ಆ ಫೈಲಲ್ಲಿ ಗ್ರೆಪ್ ಮಾಡಿದ್ರೆ (ಒಂದು ಪದ ಇರೋ ಸಾಲು ಹುಡುಕಿದ್ರೆ) ಸಿಕ್ಕ ಸಾಲು ಯಾರದ್ದು ಅಂತ ಗೊತ್ತಾಗಲ್ಲ. ಅದಕ್ಕೆ ಒಂದೊಂದು ಫೈಲಿಗೂ ಒಂದೊಂದು ಟೇಲ್, ಅದರ ಮುಂದೆ ಪೈಪ್ ಹಾಕಿ (ಒಂದು ಕಮಾಂಡಿನ ಔಟ್‌ಪುಟ್‌ನ ಇನ್ನೊಂದಕ್ಕೆ ಕೊಟ್ಟು) ಸೆಡ್ ಅನ್ನೋ ಪಠ್ಯ ತಿದ್ದೋ ಕಮಾಂಡಿನಿಂದ ಪ್ರತಿ ಸಾಲಿನ ಮೊದಲಿಗೆ ಹೆಸರು ಅಂಟಿಸೋ ಹಾಗೆ ಮಾಡಿದೆ. ಈಗ ಸಾಲುಗಳು ಬರೋದೇ ನಿಧಾನ ಆಗೋಯ್ತು, ಕೆಲವೊಮ್ಮೆ ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ಧಡಾರ್ ಅಂತ ಐವತ್ತು ಸಾಲು ಒಟ್ಟಿಗೆ, ಕೊನೇ ಸಾಲು ಅರ್ಧಕ್ಕೆ ಕಟ್. ಕಾರಣ ಬಫರಿಂಗ್. ಔಟ್‌ಪುಟ್ ಟರ್ಮಿನಲ್‌ಗೆ ಹೋಗ್ತಿದ್ರೆ ಸಾಲು ಸಾಲಾಗಿ ಬರತ್ತೆ, ಫೈಲಿಗೋ ಪೈಪಿಗೋ ಹೋಗ್ತಿದ್ರೆ ಒಂದು ಬ್ಲಾಕ್ ತುಂಬೋವರೆಗೂ ಹಿಡಿದಿಟ್ಟುಕೊಳ್ಳತ್ತೆ. ಸೆಡ್‌ಗೆ ಮೈನಸ್ ಯು ಕೊಟ್ರೆ, ಗ್ರೆಪ್ ಆದ್ರೆ ಲೈನ್ ಬಫರ್ಡ್ ಆಪ್ಷನ್ ಕೊಟ್ರೆ, ಆಕ್ ಆದ್ರೆ ಪ್ರತಿ ಸಾಲಿಗೂ ಎಫ್‌ಫ್ಲಶ್ ಮಾಡಿದ್ರೆ ಸರಿಹೋಗತ್ತೆ. ಇದನ್ನೂ ಮಾಡಿದೆ.

ಆದ್ರೆ ಸರ್ವರ್ ರೀಬೂಟ್ ಆದಾಗ ಇದೆಲ್ಲ ಬಿದ್ದುಹೋಯ್ತು. ಟೇಲ್‌ಗೆ ಹಿಂದೆ ಎಲ್ಲಿವರೆಗೆ ಓದಿದ್ದೆ ಅನ್ನೋ ನೆನಪೇ ಇಲ್ಲ. ಸುಮ್ನೆ ಶುರು ಮಾಡಿದ್ರೆ ಕೊನೇ ಹತ್ತು ಸಾಲು ಮತ್ತೆ ಬರೆಯತ್ತೆ, ಸೊನ್ನೆ ಸಾಲಿಂದ ಶುರು ಮಾಡು ಅಂದ್ರೆ ನಿಂತಿದ್ದ ಹೊತ್ತಲ್ಲಿ ಬಂದ ಸಾಲು ಪೂರ್ತಿ ಹೋಗ್ಬಿಡತ್ತೆ. ಲಿನಕ್ಸಲ್ಲಿ ಸರ್ವೀಸುಗಳನ್ನ ಶುರು ಮಾಡಿ ನೋಡ್ಕೊಳ್ಳೋ ಸಿಸ್ಟಮ್‌ಡಿಗೆ ಇದನ್ನೊಂದು ಸರ್ವೀಸ್ ಮಾಡಿ ತಾನಾಗೇ ಏಳೋ ಹಾಗೆ ಮಾಡಬಹುದು, ಆದ್ರೆ ಎದ್ದ ಮೇಲೆ ಎಲ್ಲಿಂದ ಅನ್ನೋದು ಹಾಗೇ ಉಳೀತು. ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ಕ್ರಾನ್‌ನಲ್ಲಿ ನಿಮಿಷಕ್ಕೊಂದು ಸಲ ಎಲ್ಲಾ ಫೈಲನ್ನೂ ಕ್ಯಾಟ್ ಮಾಡಿ ಸಾರ್ಟ್ ಮಾಡಿ ಹೊಸದಾಗಿ ಬರೆಯೋದನ್ನೂ ಸ್ವಲ್ಪ ದಿನ ಓಡಿಸಿದೆ. ಫೈಲು ಚಿಕ್ಕದಿದ್ದಾಗ ಪರವಾಗಿಲ್ಲ, ದೊಡ್ಡದಾಗ್ತಾ ಹೋದ ಹಾಗೆ ಪ್ರತಿ ನಿಮಿಷ ಇಡೀ ಫೈಲು ಓದಿ ಬರೆದು ಡಿಸ್ಕಿಗೆ ಸುಮ್ನೆ ಕೆಲಸ. ಅದೂ ಅಲ್ದೆ ರೊಟೇಶನ್ ಆದ ಕೂಡ್ಲೇ ಹಳೇ ಸಾಲೆಲ್ಲ ಕಂಬೈನ್ಡ್ ಫೈಲಿಂದ ಮಾಯ.

ಈ ನೆನಪಿಟ್ಟುಕೊಳ್ಳೋ ಗುಣ ಇರೋದನ್ನ ಹುಡುಕ್ತಾ ಹೋದಾಗ್ಲೇ ಐಎಂಫೈಲ್ ಸಿಕ್ಕಿದ್ದು.

ಆರ್‌ಸಿಸ್‌ಲಾಗ್ 2004ರಲ್ಲಿ ರೈನರ್ ಗೆರ್ಹಾರ್ಡ್ಸ್ ಶುರು ಮಾಡಿದ ಪ್ರಾಜೆಕ್ಟು, ಫ್ರೀ ಸಾಫ್ಟ್‌ವೇರ್, ವರ್ಷಗಟ್ಟಲೆ ಎಷ್ಟೋ ಡಿಸ್ಟ್ರೋಗಳಲ್ಲಿ ಡೀಫಾಲ್ಟ್ ಆಗೇ ಬರ್ತಿತ್ತು. ಈಗ ಎಲ್ಲಾ ಕಡೆ ಹಾಗಿಲ್ಲ, ಡೆಬಿಯನ್ 12ರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ರೆ ಇದು ಇರಲ್ಲ, ಸಿಸ್ಟಮ್‌ಡಿಯ ಸ್ವಂತ ಲಾಗ್ ಸಂಗ್ರಹ ಜರ್ನಲ್‌ಡಿ ಒಂದೇ ಇರತ್ತೆ, ನಾವೇ ಪ್ಯಾಕೇಜ್ ಹಾಕ್ಕೋಬೇಕು. ಐಎಂಫೈಲ್ ಮಾಡೋ ಕೆಲಸ ಸರಳ, ನಾವು ಹೇಳಿದ ಟೆಕ್ಸ್ಟ್ ಫೈಲಿಗೆ ಹೊಸ ಸಾಲು ಬಂದಾಗೆಲ್ಲ ಅದನ್ನ ಓದಿ ಸಿಸ್‌ಲಾಗ್ ಮೆಸೇಜ್ ಮಾಡಿ ಒಳಗೆ ತಗೊಳ್ಳೋದು. ಅಲ್ಲಿಂದ ಅದನ್ನ ಯಾವ ಫೈಲಿಗೆ ಹೆಂಗೆ ಬರೀಬೇಕು ಅನ್ನೋದು ನಮ್ಮ ಕೈಲಿ. ಹೊಸ ಸಾಲು ಬಂತು ಅಂತ ತಿಳಿಯೋಕೆ ಕರ್ನಲ್ಲಿನ ಐನೋಟಿಫೈ (ಫೈಲು ಬದಲಾದಾಗ ಸುದ್ದಿ ಕೊಡೋ ವ್ಯವಸ್ಥೆ) ಬಳಸತ್ತೆ, ಹಾಗಾಗಿ ಸುಮ್ನೆ ಮತ್ತೆ ಮತ್ತೆ ಫೈಲು ನೋಡ್ತಾ ಸಿಪಿಯು ತಿನ್ನಲ್ಲ, ಸಾಲು ಬಿದ್ದ ಕ್ಷಣದಲ್ಲೇ ಕಂಬೈನ್ಡ್ ಫೈಲಲ್ಲಿ ಇರತ್ತೆ. ಐನೋಟಿಫೈ ಕೆಲಸ ಮಾಡದ ಜಾಗ ಅಂದ್ರೆ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಫೋಲ್ಡರ್), ಬೇರೆ ಮಷೀನಿಂದ ಬರೆದ ಸಾಲಿನ ಸುದ್ದಿ ಈ ಮಷೀನಿನ ಕರ್ನಲ್‌ಗೆ ಬರಲ್ಲ. ಅಂಥ ಕಡೆ ಪೋಲಿಂಗ್ ಮೋಡಿಗೆ ಹಾಕ್ಬೇಕು, ಅದು ಡೀಫಾಲ್ಟ್ ಆಗಿ 10 ಸೆಕೆಂಡಿಗೊಂದು ಸಲ ನೋಡತ್ತೆ.

ನನಗೆ ಬೇಕಿದ್ದ ನೆನಪು ಇರೋದು ಸ್ಟೇಟ್ ಫೈಲಲ್ಲಿ. ಯಾವ ಫೈಲು, ಎಲ್ಲಿವರೆಗೆ ಓದಾಗಿದೆ ಅನ್ನೋದನ್ನ ವರ್ಕ್ ಡೈರೆಕ್ಟರಿ ಅನ್ನೋ ಜಾಗದಲ್ಲಿ ಬರೆದಿಡತ್ತೆ. ಡೆಬಿಯನ್ ಕಡೆ ಅದು ವಾರ್ ಸ್ಪೂಲ್ ಕೆಳಗೆ, ರೆಡ್ ಹ್ಯಾಟ್ ಕಡೆ ವಾರ್ ಲಿಬ್ ಕೆಳಗೆ ಇರತ್ತೆ. ಸರ್ವೀಸ್ ನಿಲ್ಲಿಸಿ ಒಂದು ಗಂಟೆ ಬಿಟ್ಟು ಶುರು ಮಾಡಿ ನೋಡಿದೆ, ಆ ಒಂದು ಗಂಟೆಯ ಸಾಲೆಲ್ಲ ಒಂದೂ ಬಿಡದೆ, ಒಂದೂ ಎರಡು ಸಲ ಬರದೆ ಬಂತು. ಅವತ್ತು ನನಗೆ ಆದ ಸಮಾಧಾನ ಹೇಳೋಕಾಗಲ್ಲ. ಆದ್ರೆ ಒಂದು ಸೆಟ್ಟಿಂಗ್ ನೋಡ್ಕೊಳ್ಳಿ, ಡೀಫಾಲ್ಟ್ ಆಗಿ ಸ್ಟೇಟ್ ಬರೆಯೋದು ಸರ್ವೀಸ್ ಸರಿಯಾಗಿ ನಿಂತು ಫೈಲು ಮುಚ್ಚೋವಾಗ ಅಂತ ಅಂದ್ಕೊಳ್ಳಿ. ಕರೆಂಟ್ ಹೋಗಿ ಮಷೀನ್ ಹಾಗೇ ಸತ್ರೆ ಹಳೇ ಜಾಗದಿಂದ ಮತ್ತೆ ಓದಿ ಡೂಪ್ಲಿಕೇಟ್ ಆಗತ್ತೆ. ಪರ್ಸಿಸ್ಟ್ ಸ್ಟೇಟ್ ಇಂಟರ್ವಲ್ ಅಂತ ಇದೆ, ಅದಕ್ಕೆ 100 ಕೊಟ್ರೆ ಪ್ರತಿ 100 ಸಾಲಿಗೊಂದು ಸಲ ಬರೆದಿಡತ್ತೆ, ಆಗ ಎಷ್ಟೇ ಕೆಟ್ರೂ ಡೂಪ್ಲಿಕೇಟ್ 100 ಸಾಲಿನ ಒಳಗೇ ಇರತ್ತೆ.

ಸೆಟಪ್ ಕಷ್ಟ ಇಲ್ಲ. ಮಾಡ್ಯೂಲ್ ಲೋಡ್ ಮಾಡೋಕೆ ಒಂದು ಸಾಲು, ಪ್ರತಿ ಫೈಲಿಗೂ ಒಂದು ಇನ್‌ಪುಟ್ ಬ್ಲಾಕ್, ಅದರಲ್ಲಿ ಫೈಲಿನ ದಾರಿ, ಒಂದು ಟ್ಯಾಗು, ಮತ್ತೆ ಯಾವ ರೂಲ್‌ಸೆಟ್‌ಗೆ (ಬಂದ ಸಾಲನ್ನ ಏನು ಮಾಡಬೇಕು ಅನ್ನೋ ನಿಯಮಗಳ ಗುಂಪು) ಹೋಗಬೇಕು ಅನ್ನೋದು. ಟ್ಯಾಗ್ ಅಂದ್ರೆ ನಾನು ಸೆಡ್‌ನಿಂದ ಅಂಟಿಸ್ತಿದ್ದ ಹೆಸರೇ, ಇಲ್ಲಿ ಅದು ಸುಮ್ನೆ ಸಿಗತ್ತೆ. ಆಮೇಲೆ ಸಾಲು ಹೆಂಗಿರಬೇಕು ಅನ್ನೋಕೆ ಒಂದು ಟೆಂಪ್ಲೇಟ್, ಕೊನೆಗೆ ರೂಲ್‌ಸೆಟ್ ಒಳಗೆ ಫೈಲಿಗೆ ಬರೆಯೋ ಆ್ಯಕ್ಷನ್. ಹೆಚ್ಚೆಂದ್ರೆ ಇಪ್ಪತ್ತು ಸಾಲು. ರೂಲ್‌ಸೆಟ್ ಬೇರೆ ಮಾಡೋದನ್ನ ಬಿಡಬೇಡಿ. ಅದಿಲ್ಲ ಅಂದ್ರೆ ನಿಮ್ಮ ಆ್ಯಪಿನ ಸಾಲೆಲ್ಲ ಸಿಸ್ಟಮ್ಮಿನ ಮಾಮೂಲಿ ಸಿಸ್‌ಲಾಗ್ ಫೈಲಿಗೂ ಹೋಗಿ ಸೇರತ್ತೆ, ಒಂದೇ ವಿಷ್ಯ ಮೂರು ಕಡೆ. ಬರೆದಾದ ಮೇಲೆ ಆರ್‌ಸಿಸ್‌ಲಾಗ್‌ಡಿ ಕಮಾಂಡಿಗೆ ಮೈನಸ್ ದೊಡ್ಡ ಎನ್ 1 ಅಂತ ಕೊಟ್ಟು ಕಾನ್ಫಿಗ್ ಚೆಕ್ ಮಾಡ್ಬಹುದು. ಆಮೇಲೆ ರೀಸ್ಟಾರ್ಟ್ ಮಾಡಿ. ಹೆಚ್‌ಯುಪಿ ಸಿಗ್ನಲ್ ಕಳಿಸಿದ್ರೆ ಸಾಕು ಅಂತ ನಾನು ಅಂದ್ಕೊಂಡಿದ್ದೆ, ಅದು ಬರೀ ತೆರೆದಿರೋ ಔಟ್‌ಪುಟ್ ಫೈಲುಗಳನ್ನ ಮುಚ್ಚಿ ತೆರೆಯೋಕೆ, ಕಾನ್ಫಿಗ್ ಮತ್ತೆ ಓದೋಕಲ್ಲ.

ಈಗ ಒಂದು ಮಾರ್ಕ್ ಯಾಕೆ ಕಟ್ ಅಂತ. ಆರ್‌ಸಿಸ್‌ಲಾಗ್ ಕಾನ್ಫಿಗಿಗೆ ಮುಖ್ಯವಾಗಿ ಎರಡು ಥರದ ಬರವಣಿಗೆ ಇದೆ, ಡಾಲರ್ ಚಿಹ್ನೆಯಿಂದ ಶುರುವಾಗೋ ಹಳೇದು, ಬ್ರಾಕೆಟ್ ಹಾಕಿ ಬರೆಯೋ ಹೊಸದು. ಹುಡುಕಿದ್ರೆ ಸಿಗೋ ಉದಾಹರಣೆಗಳಲ್ಲಿ ಎರಡೂ ಕಲಸಿಕೊಂಡಿರತ್ತೆ, ಹೊಸಬರಿಗೆ ಯಾವುದು ಯಾವುದಕ್ಕೆ ಅನ್ವಯ ಆಗತ್ತೆ ಅಂತ ಗೊತ್ತಾಗೋದೇ ಇಲ್ಲ. ಹೊಸದಾಗಿ ಶುರು ಮಾಡೋರು ಹೊಸ ಬರವಣಿಗೆ ಒಂದನ್ನೇ ಹಿಡ್ಕೊಳ್ಳಿ, ಹಳೇದು ಕಂಡ್ರೆ ಕಾಪಿ ಮಾಡಬೇಡಿ. ಡಾಕ್ಯುಮೆಂಟೇಶನ್ನಲ್ಲಿ ಎಲ್ಲಾ ಇದೆ, ಆದ್ರೆ ನಮಗೆ ಬೇಕಾದ್ದು ಯಾವ ಮೂಲೇಲಿದೆ ಅಂತ ಹುಡುಕೋದೇ ಒಂದು ಕೆಲಸ.

ಪರ್ಮಿಷನ್ ವಿಷ್ಯದಲ್ಲಿ ನಾನು ಒಂದು ವಾರ ಕಳೆದಿದ್ದೀನಿ. ಉಬುಂಟುವಿನಲ್ಲಿ ಆರ್‌ಸಿಸ್‌ಲಾಗ್ ರೂಟ್ ಆಗಿ ಶುರುವಾಗಿ ಆಮೇಲೆ ಸಿಸ್‌ಲಾಗ್ ಅನ್ನೋ ಯೂಸರ್ ಆಗಿ ಓಡತ್ತೆ. ಆ ಯೂಸರ್‌ಗೆ ನಿಮ್ಮ ಆ್ಯಪ್ ಲಾಗ್ ಓದೋಕೆ ಅನುಮತಿ ಇರಬೇಕು. ನಾನು ಫೈಲಿಗೆ ಪರ್ಮಿಷನ್ ಕೊಟ್ಟೆ, ಅವತ್ತು ಚೆನ್ನಾಗಿ ಓಡ್ತು, ಮಾರನೇ ದಿನ ಬಂದ್, ಮತ್ತೆ ಕೊಟ್ಟೆ, ಮತ್ತೆ ಮಾರನೇ ದಿನ ಬಂದ್. ಲಾಗ್‌ರೊಟೇಟ್ ಕಾನ್ಫಿಗಿನಲ್ಲಿ ಕ್ರಿಯೇಟ್ ಅನ್ನೋ ಸಾಲಲ್ಲಿ 0600 (ಮಾಲೀಕ ಮಾತ್ರ ಓದಿ ಬರೆಯೋದು) ಅಂತ ಇತ್ತು, ಪ್ರತಿ ರಾತ್ರಿ ಹೊಸ ಫೈಲು ಅದೇ ಪರ್ಮಿಷನ್ನಲ್ಲಿ ಹುಟ್ತಿತ್ತು. ಅಲ್ಲಿ 0640 (ಗ್ರೂಪಿನವರೂ ಓದಬಹುದು) ಮಾಡಿ ಗ್ರೂಪ್ ಸರಿ ಮಾಡಿದ ಮೇಲೆ ನಿಂತಿಲ್ಲ. ಪರ್ಮಿಷನ್ ಸರಿ ಇದ್ದೂ ಓದ್ತಿಲ್ಲ ಅಂದ್ರೆ ಆ್ಯಪ್‌ಆರ್ಮರ್ ಅಥವಾ ಎಸ್‌ಇಲಿನಕ್ಸ್ (ಪರ್ಮಿಷನ್ ಮೇಲಿನ ಇನ್ನೊಂದು ಕಾವಲು) ತಡೀತಿರಬಹುದು, ಅಲ್ಲೊಮ್ಮೆ ನೋಡಿ.

ಇದಕ್ಕಿಂತ ದೊಡ್ಡ ಅನಾಹುತ ಇನ್ನೊಂದು, ಇದನ್ನ ಎಲ್ಲರಿಗೂ ಹೇಳ್ಬೇಕು ಅಂತಾನೇ ಈ ರಿವ್ಯೂ ಬರೆಯೋಕೆ ಕೂತಿದ್ದು. ಐಎಂಫೈಲ್‌ಗೆ ವೈಲ್ಡ್‌ಕಾರ್ಡ್ ಕೊಡಬಹುದು, ಆ ಫೋಲ್ಡರಲ್ಲಿ ಡಾಟ್ ಲಾಗ್ ಅಂತ ಮುಗಿಯೋ ಎಲ್ಲಾ ಫೈಲೂ ಓದು ಅಂತ. ಬಹಳ ಅನುಕೂಲ, ಹೊಸ ಫೈಲು ಹುಟ್ಟಿದ್ರೂ ತಾನೇ ಹಿಡ್ಕೊಳ್ಳತ್ತೆ. ನಾನು ಕಂಬೈನ್ಡ್ ಫೈಲನ್ನೂ ಅದೇ ಫೋಲ್ಡರಲ್ಲಿ, ಅದೂ ಡಾಟ್ ಲಾಗ್ ಅಂತಾನೇ ಇಟ್ಟಿದ್ದೆ. ಅದು ಬರೆದ ಸಾಲನ್ನ ಅದೇ ಓದತ್ತೆ, ಓದಿದ್ದನ್ನ ಮತ್ತೆ ಬರೆಯತ್ತೆ, ಬರೆದಿದ್ದನ್ನ ಮತ್ತೆ ಓದತ್ತೆ, ಪ್ರತಿ ಸುತ್ತಿಗೂ ಸಾಲಿನ ಮುಂದೆ ಇನ್ನೊಂದು ಟ್ಯಾಗ್ ಸೇರ್ತಾ ಸಾಲು ಉದ್ದ ಆಗ್ತಾ ಹೋಗತ್ತೆ. ನಾನು ಊಟಕ್ಕೆ ಹೋಗಿ ಬರೋಷ್ಟರಲ್ಲಿ ಡಿಸ್ಕ್ ತುಂಬಿ ಡೇಟಾಬೇಸ್ ಬರೆಯೋಕಾಗದೆ ನಿಂತಿತ್ತು. ದಯವಿಟ್ಟು ಕಂಬೈನ್ಡ್ ಫೈಲಿಗೆ ಬೇರೆ ಫೋಲ್ಡರ್ ಮಾಡಿ, ಆ ಫೋಲ್ಡರ್ ಯಾವ ವೈಲ್ಡ್‌ಕಾರ್ಡಿಗೂ ಸಿಗದ ಹಾಗೆ ನೋಡ್ಕೊಳ್ಳಿ.

ಕಾಪಿ ಟ್ರಂಕೇಟ್ ಬಗ್ಗೆ ಒಂದು ಮಾತು. ಕೆಲವು ಆ್ಯಪ್‌ಗಳು ಫೈಲು ಮುಚ್ಚಿ ತೆರೆಯೋದನ್ನ ಕಲಿತಿಲ್ಲ, ಅಂಥವಕ್ಕೆ ಲಾಗ್‌ರೊಟೇಟ್ ಫೈಲಿನ ನಕಲು ಮಾಡಿ ಮೂಲ ಫೈಲನ್ನ ಸೊನ್ನೆಗೆ ಕತ್ತರಿಸತ್ತೆ. ನಕಲು ಮುಗಿದು ಕತ್ತರಿಸೋ ನಡುವಿನ ಚಿಕ್ಕ ಗ್ಯಾಪಲ್ಲಿ ಬಂದ ಸಾಲು ಹೋಗಬಹುದು ಅಂತ ಲಾಗ್‌ರೊಟೇಟ್ ಮ್ಯಾನ್ಯುಯಲ್ಲೇ ಹೇಳತ್ತೆ. ಐಎಂಫೈಲ್ ಕಡೆ ಇದಕ್ಕೆ ರೀಓಪನ್ ಆನ್ ಟ್ರಂಕೇಟ್ ಅನ್ನೋ ಸೆಟ್ಟಿಂಗ್ ಇದೆ, ಡೀಫಾಲ್ಟ್ ಆಫ್, ಆನ್ ಮಾಡಬೇಕು. ಫೈಲಿನ ಅಳತೆ ತಾನು ಓದಿದ ಜಾಗಕ್ಕಿಂತ ಚಿಕ್ಕದಾಗಿದೆ ಅಂತ ಕಂಡಾಗ ಮೊದಲಿಂದ ಓದೋಕೆ ಶುರು ಮಾಡತ್ತೆ. ಇದನ್ನ ಅವರೇ ಎಕ್ಸ್‌ಪರಿಮೆಂಟಲ್ ಅಂತ ಬರೆದಿದ್ದಾರೆ. ಸಾಧ್ಯ ಇದ್ರೆ ಕಾಪಿ ಟ್ರಂಕೇಟ್ ಬಿಟ್ಟು ಹೆಸರು ಬದಲಾಯಿಸೋ ರೊಟೇಶನ್ನೇ ಇಟ್ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ.

ಸ್ಟ್ಯಾಕ್ ಟ್ರೇಸ್ (ಎರರ್ ಆದಾಗ ಅದು ಕೋಡಿನಲ್ಲಿ ಎಲ್ಲಿಂದ ಬಂತು ಅಂತ ಆ್ಯಪ್ ಬರೆಯೋ ಉದ್ದ ಪಟ್ಟಿ) ವಿಷ್ಯದಲ್ಲಿ ಇದು ನನ್ನ ಮನಸ್ಸು ಗೆದ್ದಿದೆ. ಆ್ಯಪ್ ಒಂದು ಎರರ್‌ಗೆ ನಲವತ್ತು ಸಾಲು ಬರೆದ್ರೆ, ಟೇಲ್ ದಾರೀಲಿ ಆ ನಲವತ್ತರ ಮಧ್ಯೆ ವೆಬ್ ಸರ್ವರ್ ಸಾಲುಗಳು ಬಂದು ತೂರಿಕೊಳ್ತಿದ್ವು, ಓದೋಕೆ ಹಿಂಸೆ. ಐಎಂಫೈಲಿಗೆ ಹೊಸ ಮೆಸೇಜ್ ಹೆಂಗೆ ಶುರುವಾಗತ್ತೆ ಅನ್ನೋದನ್ನ ರೆಜೆಕ್ಸ್ (ಸಾಲಿನ ನಮೂನೆ ಹೇಳೋ ಬರವಣಿಗೆ) ಆಗಿ ಹೇಳಬಹುದು, ಉದಾಹರಣೆಗೆ ತಾರೀಕಿನಿಂದ ಶುರುವಾದ್ರೆ ಮಾತ್ರ ಹೊಸದು, ಇಲ್ಲಾಂದ್ರೆ ಹಿಂದಿನದರ ಮುಂದುವರಿಕೆ ಅಂತ. ಆಗ ನಲವತ್ತು ಸಾಲೂ ಸೇರಿ ಒಂದೇ ಮೆಸೇಜ್. ನಡುವಿನ ಲೈನ್ ಬ್ರೇಕ್ ಇದ್ದ ಜಾಗದಲ್ಲಿ ಬ್ಯಾಕ್‌ಸ್ಲ್ಯಾಷ್ ಎನ್ ಅಥವಾ ಹ್ಯಾಷ್ 012 ಥರದ ಗುರುತು ಬರತ್ತೆ, ನೋಡೋಕೆ ಚೆನ್ನಾಗಿಲ್ಲ ಆದ್ರೆ ಗ್ರೆಪ್ ಮಾಡಿದ್ರೆ ಇಡೀ ಟ್ರೇಸ್ ಒಂದೇ ಏಟಿಗೆ ಸಿಗತ್ತೆ, ಬೇಡ ಅಂದ್ರೆ ಎಸ್ಕೇಪ್ ಎಲ್‌ಎಫ್ ಆಫ್ ಮಾಡ್ಬಹುದು. ಇದರ ಜೊತೆಗೆ ರೀಡ್ ಟೈಮ್‌ಔಟ್ ಕೊಡೋದನ್ನ ಮರೀಬೇಡಿ. ಮುಂದಿನ ಮೆಸೇಜ್ ಶುರುವಾಗೋವರೆಗೂ ಹಿಂದಿನದು ಮುಗೀತು ಅಂತ ಅದಕ್ಕೆ ಗೊತ್ತಾಗಲ್ಲ, ಹಾಗಾಗಿ ಕೊನೇ ಎರರ್ ಒಳಗೇ ಕೂತಿರತ್ತೆ. ಆ್ಯಪ್ ಎರರ್ ಬರೆದು ಸತ್ತುಹೋದಾಗ ನಮಗೆ ಬೇಕಾಗಿರೋದೇ ಆ ಕೊನೇದು.

ಇನ್ನು ಕ್ರಮ. ಕಂಬೈನ್ಡ್ ಫೈಲು ಅಂದ ತಕ್ಷಣ ಟೈಮ್ ಪ್ರಕಾರ ಜೋಡಿಸಿರತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ, ನಾನೂ ಅಂದ್ಕೊಂಡಿದ್ದೆ. ಹಾಗಲ್ಲ, ಬಂದ ಕ್ರಮದಲ್ಲಿ ಇರತ್ತೆ. ಅಪಾಚೆ ಉದಾಹರಣೆ ತಗೊಳ್ಳಿ, ಆ್ಯಕ್ಸೆಸ್ ಲಾಗಲ್ಲಿ ಅದು ಹಾಕೋ ಟೈಮು ರಿಕ್ವೆಸ್ಟ್ ಬಂದ ಹೊತ್ತಿನದು, ಸಾಲು ಬರೆಯೋದು ಮಾತ್ರ ರಿಕ್ವೆಸ್ಟ್ ಮುಗಿದ ಮೇಲೆ. 30 ಸೆಕೆಂಡ್ ತಗೊಂಡ ರಿಕ್ವೆಸ್ಟ್ ಆದ್ರೆ ಆ್ಯಪ್ ಎರರ್ ಮೇಲೆ ಬಂದಿರತ್ತೆ, ಅದಕ್ಕೆ ಕಾರಣವಾದ ರಿಕ್ವೆಸ್ಟ್ ಹಿಂದಿನ ಟೈಮ್ ಹೊತ್ತು ಅದರ ಕೆಳಗೆ ಬರತ್ತೆ. ಎನ್‌ಜಿನ್‌ಎಕ್ಸ್‌ನಲ್ಲಿ ಲಾಗಿಗೆ ಬಫರ್ ಹಾಕಿದ್ರೆ ಇನ್ನೂ ತಡ. ಇದು ಐಎಂಫೈಲಿನ ತಪ್ಪಲ್ಲ, ಬರೆಯೋರು ತಡವಾಗಿ ಬರೆದ್ರೆ ಓದೋರು ಏನು ಮಾಡೋಕಾಗತ್ತೆ. ಆದ್ರೆ ಟೆಂಪ್ಲೇಟಿನಲ್ಲಿ ನಾವು ಒಂದು ತಪ್ಪು ಮಾಡಬಾರದು. ಆರ್‌ಸಿಸ್‌ಲಾಗ್ ಮೆಸೇಜಿಗೆ ಹಾಕೋ ಟೈಮು ಅದು ಸಾಲನ್ನ ಓದಿದ ಟೈಮು. ಸರ್ವೀಸ್ ಒಂದು ಗಂಟೆ ನಿಂತು ಎದ್ರೆ ಆ ಗಂಟೆಯ ಎಲ್ಲಾ ಸಾಲಿಗೂ ಎದ್ದ ಹೊತ್ತಿನ ಟೈಮೇ ಬೀಳತ್ತೆ. ಹಾಗಾಗಿ ಮೂಲ ಸಾಲಲ್ಲಿರೋ ಟೈಮನ್ನ ಯಾವತ್ತೂ ತೆಗೀಬೇಡಿ, ನಾನು ಟ್ಯಾಗು ಮತ್ತೆ ಮೂಲ ಸಾಲು ಎರಡನ್ನೇ ಬರೀತೀನಿ.

ಟೈಮ್ ಪ್ರಕಾರವೇ ಬೇಕು ಅಂದಾಗ ನಾನು ಮೂಲ ಫೈಲುಗಳನ್ನೇ ಎಲ್‌ನ್ಯಾವ್‌ನಲ್ಲಿ ತೆಗೀತೀನಿ. ಅದು ಒಂದೊಂದು ಫೈಲಿನ ಫಾರ್ಮ್ಯಾಟ್ ತಾನೇ ಗುರುತಿಸಿ ಟೈಮ್ ಪ್ರಕಾರ ಬೆರೆಸಿ ತೋರಿಸತ್ತೆ, ಕಂಪ್ರೆಸ್ ಆಗಿರೋದನ್ನೂ ಓದತ್ತೆ, ಎಸ್‌ಕ್ಯೂಎಲ್ ಕ್ವೆರಿ ಕೂಡ ಮಾಡಬಹುದು. ಆದ್ರೆ ಅದು ನೋಡೋ ಸಾಧನ, ನಾವಿಲ್ಲದಾಗ ಹಿನ್ನೆಲೆಯಲ್ಲಿ ಕಂಬೈನ್ಡ್ ಫೈಲು ಬೆಳೆಸೋದಲ್ಲ. ಸಾರ್ಟ್ ಕಮಾಂಡಿನ ಮೈನಸ್ ಸಣ್ಣ ಎಂ ಕೂಡ ಮೊದಲೇ ಕ್ರಮದಲ್ಲಿರೋ ಫೈಲುಗಳನ್ನ ಬೇಗ ಬೆರೆಸತ್ತೆ, ಅದಕ್ಕೆ ಎಲ್ಲಾ ಫೈಲಲ್ಲೂ ಟೈಮು ವರ್ಷ ಮೊದಲು, ತಿಂಗಳು ಆಮೇಲೆ, ದಿನ ಆಮೇಲೆ ಅನ್ನೋ ಐಎಸ್‌ಒ 8601 ರೂಪದಲ್ಲಿ, ಒಂದೇ ಟೈಮ್‌ಝೋನಲ್ಲಿ ಇರಬೇಕು. ಅಪಾಚೆ ಹಾಕೋ ದಿನ, ತಿಂಗಳಿನ ಹೆಸರು, ವರ್ಷ ಅನ್ನೋ ರೂಪ ಅಕ್ಷರದ ಪ್ರಕಾರ ಸಾರ್ಟ್ ಆಗಲ್ಲ. ನಿಮ್ಮ ಆ್ಯಪ್ ನಿಮ್ಮ ಕೈಲಿದ್ರೆ ಮೊದಲು ಅದರ ಟೈಮ್ ರೂಪ ಸರಿ ಮಾಡಿ, ಮುಂದಿನ ಎಲ್ಲಾ ಕೆಲಸ ಹಗುರ ಆಗತ್ತೆ.

ಎಲ್ಲರಿಗೂ ಇದೇ ಬೇಕು ಅಂತಿಲ್ಲ. ನಿಮ್ಮ ಸರ್ವೀಸುಗಳೆಲ್ಲ ಜರ್ನಲ್‌ಡಿಗೇ ಬರೀತಿದ್ರೆ ಏನೂ ಹೊಸದು ಹಾಕ್ಕೋಬೇಡಿ, ಅದನ್ನ ಓದೋ ಜರ್ನಲ್‌ಸಿಟಿಎಲ್ ಕಮಾಂಡಿಗೆ ಎರಡು ಮೂರು ಯೂನಿಟ್ (ಸರ್ವೀಸ್) ಹೆಸರು ಕೊಟ್ಟು ಸಣ್ಣ ಎಫ್ ಹಾಕಿದ್ರೆ ಬೆರೆತೇ ಬರತ್ತೆ. ಹತ್ತಾರು ಮಷೀನ್ ಇದ್ದು ಲಾಗ್ ಇನ್ನೊಂದು ಕಡೆ ಕಳಿಸಬೇಕು ಅಂದ್ರೆ ಫ್ಲುಯೆಂಟ್ ಬಿಟ್, ವೆಕ್ಟರ್ ಥರದವನ್ನೂ ನೋಡಿ. ಒಂದೇ ಮಷೀನು, ಫೈಲಿಗೆ ಬರೆಯೋ ನಾಲ್ಕಾರು ಪ್ರೋಗ್ರಾಮು, ಒಂದು ಸಾದಾ ಟೆಕ್ಸ್ಟ್ ಫೈಲು ಬೇಕು ಅನ್ನೋರಿಗೆ ನಾನು ಹೇಳೋದು ಇದನ್ನೇ.

ಕಂಬೈನ್ಡ್ ಫೈಲಿಗೂ ರೊಟೇಶನ್ ಬೇಕು, ಅದು ಬೇಗ ಬೆಳೆಯತ್ತೆ, ಎಲ್ಲಾ ಲಾಗಿನ ಇನ್ನೊಂದು ಪ್ರತಿ ತಾನೇ. ಇಲ್ಲೂ ಅದೇ ಐನೋಡ್ ಕಥೆ, ಲಾಗ್‌ರೊಟೇಟ್ ಹೆಸರು ಬದಲಾಯಿಸಿದ್ರೂ ಆರ್‌ಸಿಸ್‌ಲಾಗ್ ಹಳೇ ಫೈಲಿಗೇ ಬರೀತಾ ಇರತ್ತೆ, ಲಾಗ್‌ರೊಟೇಟಿನ ಪೋಸ್ಟ್‌ರೊಟೇಟ್‌ನಲ್ಲಿ (ರೊಟೇಶನ್ ಆದ ಮೇಲೆ ಓಡೋ ಭಾಗ) ಹೆಚ್‌ಯುಪಿ ಕಳಿಸಿದ್ರೆ ಹೊಸದಕ್ಕೆ ಬರತ್ತೆ. ನಾನು ಏಳು ದಿನ ಮಾತ್ರ ಇಟ್ಕೊಳ್ತೀನಿ, ಮೂಲ ಫೈಲುಗಳು ಹೇಗೂ ಇರತ್ತಲ್ಲ. ಪರ್ಮಿಷನ್ 0640 ಅಂತ ಆ್ಯಕ್ಷನ್ನಲ್ಲೇ ಬರೆದಿದ್ದೀನಿ, ಯಾಕಂದ್ರೆ ಎಲ್ಲರ ಗುಟ್ಟೂ ಒಂದೇ ಕಡೆ ಇರೋ ಫೈಲು ಅದು.

ಕೊನೇದಾಗಿ ನಾನು ಸೇರಿಸಿರೋ ಒಂದು ಚಿಕ್ಕ ಚೆಕ್. ಈ ಥರದ ಕೆಲಸ ಕೆಟ್ರೆ ಸದ್ದಿಲ್ಲದೆ ಕೆಡತ್ತೆ, ಮೊದಲ ದಿನದ ಟೇಲ್ ಹಾಗೆ. ಅದಕ್ಕೆ ನನ್ನ ಟೆಸ್ಟಿಗೆ ಅಂತಾನೇ ಒಂದು ಪುಟ್ಟ ಲಾಗ್ ಫೈಲು ಮಾಡಿ ಅದನ್ನೂ ಐಎಂಫೈಲಿಗೆ ಕೊಟ್ಟಿದ್ದೀನಿ. ಕ್ರಾನ್ ಐದು ನಿಮಿಷಕ್ಕೊಂದು ಸಲ ಅದಕ್ಕೆ ಟೈಮ್ ಹಾಕಿ ಒಂದು ಸಾಲು ಬರೆಯತ್ತೆ, ಒಂದು ನಿಮಿಷ ಬಿಟ್ಟು ಅದೇ ಸಾಲು ಕಂಬೈನ್ಡ್ ಫೈಲಲ್ಲಿ ಇದೆಯಾ ನೋಡತ್ತೆ, ಇಲ್ಲ ಅಂದ್ರೆ ನನಗೆ ಮೇಲ್ ಬರತ್ತೆ. ಒಂದೊಂದು ಮೂಲ ಫೈಲಿನ ಪರ್ಮಿಷನ್ ಕೆಟ್ಟಿದ್ರೆ ಇದಕ್ಕೆ ಸಿಗಲ್ಲ, ಅದಕ್ಕಾಗಿ ದಿನಕ್ಕೊಂದು ಸಲ ಪ್ರತಿ ಟ್ಯಾಗಿನ ಸಾಲು ಎಷ್ಟು ಬಂದಿದೆ ಅಂತ ಎಣಿಸ್ತೀನಿ, ಯಾವುದಾದ್ರೂ ಸೊನ್ನೆ ಕಂಡ್ರೆ ಹೋಗಿ ನೋಡ್ತೀನಿ.